ಡಯಲ್‌ನ ಕೊನೇ ನಂಬರು ಯಾರಿಗೆ ಬೇಕು?

ಫಿಲ್ಮ್ ಕ್ಯಾಮೆರಾ ಹಿಡಿದವರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. "1/1000 ಇದ್ದರೆ ಸಾಕಪ್ಪ. 1/4000 ಎಲ್ಲ ಸುಮ್ನೆ ಶೋಕಿ." ಡಯಲ್ ಮೇಲಿನ ಶಟರ್ ವೇಗದ ಮಾತಿದು: ಒತ್ತಿದಾಗ ಫಿಲ್ಮ್ ಮೇಲೆ ಬೆಳಕು ಬೀಳುವುದು ಸೆಕೆಂಡಿನ ಸಾವಿರದ ಒಂದು ಪಾಲು ಹೊತ್ತೋ, ನಾಲ್ಕು ಸಾವಿರದ ಒಂದು ಪಾಲೋ ಅಂತ. ಹೇಳುವವರು ಹೆಚ್ಚಾಗಿ ಹಳಬರು. ಚೆನ್ನಾಗಿ ಫೋಟೊ ತೆಗೆಯುವವರೇ. ಅವರ ಮಾತಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ತುಮಕೂರಿನ ಏಪ್ರಿಲ್ ಬಿಸಿಲಲ್ಲಿ, ಕ್ಯಾಮೆರಾದೊಳಗೆ ಬೆಳಕಿಗೆ ಚುರುಕಾದ 400 ಫಿಲ್ಮ್ ಹಾಕಿಕೊಂಡು ನಿಂತರೆ ಆ ಮಾತು ಗಂಟಲಲ್ಲಿ ಇಳಿಯುವುದಿಲ್ಲ.

ನನ್ನ ಹತ್ತಿರ ಇರುವುದು ಅಪ್ಪನ ನಿಕಾನ್ ಎಫ್‌ಎಂ2. ಅಪ್ಪ ಮದುವೆ ಫೋಟೊ ತೆಗೆಯುತ್ತಿದ್ದರು. ಅವರ ಸ್ಟುಡಿಯೊ ಇದ್ದ ಜಾಗದಲ್ಲಿ ಈಗ ನನ್ನ ಜೆರಾಕ್ಸ್ ಅಂಗಡಿ ಇದೆ. ಲ್ಯಾಮಿನೇಷನ್, ಆಧಾರ್ ಪ್ರಿಂಟ್, ಪಾಸ್‌ಪೋರ್ಟ್ ಸೈಜ್ ಫೋಟೊ. ಫಿಲ್ಮ್ ಏನಿದ್ದರೂ ಭಾನುವಾರಕ್ಕೆ. ಅಂದ ಹಾಗೆ ಅಪ್ಪ ಈ ಕ್ಯಾಮೆರಾ ಕೊಂಡದ್ದು ಡಯಲ್‌ನ 4000 ನೋಡಿ ಅಲ್ಲ, ಅದೇ ಡಯಲ್‌ನಲ್ಲಿ ಕೆಂಪಗೆ ಬರೆದಿರುವ 250 ನೋಡಿ. ಆ ಕತೆ ಆಮೇಲೆ ಹೇಳುತ್ತೇನೆ.

1/4000 ಇರುವುದು ಓಡುವುದನ್ನು ಹಿಡಿದು ನಿಲ್ಲಿಸಲಿಕ್ಕೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಅದು ಎರಡನೇ ಕೆಲಸ. ಮೊದಲನೇ ಕೆಲಸ ಬೆಳಕನ್ನು ತಡೆಯುವುದು. ಅದೂ ಫಿಲ್ಮ್‌ನಲ್ಲಿ ಈ ಕೆಲಸಕ್ಕೆ ಬೆಲೆ ಜಾಸ್ತಿ.

ಡಿಜಿಟಲ್‌ನವರಿಗೆ ಈ ತಲೆನೋವು ಇಲ್ಲ. ಬಿಸಿಲಿಗೆ ಬಂದರೆ ಐಎಸ್‌ಒ (ಬೆಳಕಿಗೆ ಎಷ್ಟು ಚುರುಕು ಅನ್ನುವ ಅಳತೆ) 100, ಛತ್ರದೊಳಗೆ ಹೋದರೆ 3200. ಬೆರಳಾಡಿಸಿದರೆ ಆಯಿತು. ಫಿಲ್ಮ್‌ನಲ್ಲಿ ಒಂದು ಸಲ ರೋಲ್ ಹಾಕಿದರೆ 36 ಫ್ರೇಮ್ ಮುಗಿಯುವವರೆಗೆ ಅದೇ ಗತಿ. ನನ್ನ ರೋಲ್ ಒಂದೇ ಕಡೆ ಮುಗಿಯುವುದೂ ಇಲ್ಲ. ಬೆಳಿಗ್ಗೆ ತೋಟ, ಮಧ್ಯಾಹ್ನ ಸಂತೆ, ಸಂಜೆ ಯಾರದೋ ಮನೆಯ ನಡುಮನೆ, ಎಲ್ಲಾ ಒಂದರಲ್ಲೇ ಆಗಬೇಕು. ಕೊಂಡು, ತೊಳೆಸಿ, ಸ್ಕ್ಯಾನ್ ಮಾಡಿಸುವಷ್ಟರಲ್ಲಿ ಒಂದು ಕಲರ್ ರೋಲ್ ಸಾವಿರ ರೂಪಾಯಿ ದಾಟಿರುತ್ತದೆ. ಅರ್ಧಕ್ಕೆ ತೆಗೆದು ಇನ್ನೊಂದು ಹಾಕುವಷ್ಟು ಧಾರಾಳ ನನಗಿಲ್ಲ. ನಡುಮನೆಯ ಬೆಳಕಿಗೆ 400 ಬೇಕೇ ಬೇಕು. ಆ 400 ಮಧ್ಯಾಹ್ನದ ಹೊತ್ತು ಕುತ್ತಿಗೆಗೆ ಬರುತ್ತದೆ.

ಸನ್ನಿ 16 ಲೆಕ್ಕ ಗೊತ್ತಲ್ವಾ? ಬಿಸಿಲು ಚೆನ್ನಾಗಿರುವಾಗ ಎಫ್ 16 ಇಟ್ಟು (ಎಫ್ ಅಂದರೆ ಲೆನ್ಸ್ ಎಷ್ಟು ತೆರೆದಿದೆ ಅನ್ನುವ ಅಳತೆ, ನಂಬರು ಸಣ್ಣದಾದಷ್ಟೂ ಹೆಚ್ಚು ತೆರೆದಿರುತ್ತದೆ), ಫಿಲ್ಮ್‌ನ ಐಎಸ್‌ಒ ಎಷ್ಟೋ ಸೆಕೆಂಡಿನ ಅಷ್ಟನೇ ಒಂದು ಪಾಲು ಶಟರ್ ಇಡುವುದು. 400 ಫಿಲ್ಮ್‌ಗೆ 1/400. ಡಯಲ್‌ನಲ್ಲಿ ಹತ್ತಿರದ್ದು 1/500. ಅಲ್ಲಿಂದ ಲೆನ್ಸ್ ಒಂದೊಂದು ಸ್ಟಾಪ್ ತೆರೆದ ಹಾಗೆಲ್ಲ, ಅಂದರೆ ಬೆಳಕು ಎರಡರಷ್ಟಾದ ಹಾಗೆಲ್ಲ, ಶಟರ್ ಎರಡು ಪಟ್ಟು ಬೇಗ ಮುಚ್ಚಬೇಕು. ಎಫ್ 11ಕ್ಕೆ 1/1000. ಎಫ್ 8ಕ್ಕೆ 1/2000. ಎಫ್ 5.6ಕ್ಕೆ 1/4000. ಅಂದರೆ 1/1000ಕ್ಕೆ ನಿಂತುಹೋಗುವ ಕ್ಯಾಮೆರಾ ಇದ್ದವರು, ಅದು ಪೆಂಟ್ಯಾಕ್ಸ್ ಕೆ1000 ಇರಲಿ, ಲಕ್ಷಗಟ್ಟಲೆ ಬೆಲೆಯ ಲೈಕಾ ಎಂ6 ಇರಲಿ, ಮಧ್ಯಾಹ್ನ ಪೂರ್ತಿ ಎಫ್ 11ರಲ್ಲೇ ಕೂತಿರಬೇಕು. ಎಫ್ 1.4 ಲೆನ್ಸ್‌ಗೆ ಕೊಟ್ಟ ದುಡ್ಡಿಗೆ ಸಂಜೆಯವರೆಗೆ ಕೆಲಸ ಇಲ್ಲ.

ಇದರಿಂದ ಏನು ನಷ್ಟ ಅಂತ ಕೇಳಬಹುದು. ತಿಪಟೂರು ಕಡೆಯ ಒಂದು ಫೋಟೊ ಹೇಳುತ್ತೇನೆ.

ಅಲ್ಲಿ ಕೊಬ್ಬರಿಗೆ ಅಂತ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿದ ಕಾಯಿಯನ್ನು ಕೆಳಗಿಳಿಸಿ ಸುಲಿಯುತ್ತಾರೆ. ನೆಲಕ್ಕೆ ನೆಟ್ಟಿರುವ ಚೂಪು ಕಬ್ಬಿಣದ ಮೇಲೆ ಕಾಯಿ ಕುಕ್ಕಿ, ಎರಡೂ ಕೈಯಲ್ಲಿ ಒತ್ತಿ ತಿರುಚಿದರೆ ಸಿಪ್ಪೆ ಬಿಟ್ಟುಕೊಳ್ಳುತ್ತದೆ. ಇನ್ನೆರಡು ತಿರುವು, ಕಾಯಿ ರಾಶಿಗೆ ಹೋಗುತ್ತದೆ. ಪಳಗಿದವರಿಗೆ ನೋಡುವ ಅಗತ್ಯವೂ ಇಲ್ಲ, ಮಾತಾಡುತ್ತಲೇ ಸುಲಿಯುತ್ತಿರುತ್ತಾರೆ. ಒಣ ನಾರಿನ ಧೂಳು ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ, ಕಿವಿಯ ಕೂದಲಿನ ಮೇಲೆಲ್ಲ ಕೂತು, ಬಿಸಿಲಿಗೆ ಹೊಂಬಣ್ಣಕ್ಕೆ ತಿರುಗಿರುತ್ತದೆ. ನನಗೆ ಬೇಕಾಗಿದ್ದದ್ದು ಆ ರೆಪ್ಪೆ. ಆದರೆ ಅವರ ಹಿಂದೆ ನೀಲಿ ಟಾರ್ಪಾಲು, ಲಗೇಜ್ ಆಟೊ, ಅದರ ಹಿಂದೆ ಬರೆದ ಅಕ್ಷರ, ಒಂದು ಬೈಕು, ಬೈಕಿನ ಮೇಲೆ ಒಣಹಾಕಿದ ಟವಲ್. ಕೆಲಸದ ಮಧ್ಯೆ ಇರುವವರನ್ನು ಆಚೆ ಬನ್ನಿ, ಈಚೆ ಬನ್ನಿ ಅನ್ನುವುದು ನನಗೆ ಇಷ್ಟವಿಲ್ಲ.

85 ಎಂಎಂ ಲೆನ್ಸ್, ಎರಡೂವರೆ ಮೀಟರ್ ದೂರ. ಎಫ್ 11ರಲ್ಲಿ ಅರ್ಧ ಮೀಟರ್‌ಗೂ ಜಾಸ್ತಿ ಆಳ ಚೊಕ್ಕವಾಗಿ ಬರುತ್ತದೆ, ಅದರ ಹಿಂದಿನದೂ ಗುರುತು ಸಿಗುವ ಹಾಗೆ ಬರುತ್ತದೆ. ಆಟೊ ಅಕ್ಷರ ಓದಬಹುದು. ಎಫ್ 2.8ರಲ್ಲಿ ಚೊಕ್ಕ ಇರುವುದು 15 ಸೆಂಟಿಮೀಟರ್ ಮಾತ್ರ. ಮುಖ ಒಂದು, ಮಿಕ್ಕಿದ್ದೆಲ್ಲ ಬಣ್ಣ. ಈಗ ಲೆಕ್ಕ ನೋಡಿ. 1/1000ದ ಕ್ಯಾಮೆರಾ ಇದ್ದರೆ ಎಫ್ 11. ನನ್ನ 1/4000 ಅದನ್ನು ಎಫ್ 5.6ಕ್ಕೆ ತಂದಿತು. ಅಲ್ಲಿಂದ ಎಫ್ 2.8ಕ್ಕೆ ಇನ್ನೂ ಎರಡು ಸ್ಟಾಪ್ ಬೆಳಕು ಹೆಚ್ಚಾಗುತ್ತದೆ. ಕಲರ್ ನೆಗೆಟಿವ್ ಎರಡು ಸ್ಟಾಪ್ ಹೆಚ್ಚಿನ ಬೆಳಕನ್ನು ಗೊಣಗದೆ ನುಂಗಿಕೊಳ್ಳುತ್ತದೆ. ಎರಡು ಸ್ಟಾಪ್ ಶಟರ್ ಕೊಟ್ಟಿತು, ಎರಡು ಸ್ಟಾಪ್ ಫಿಲ್ಮ್ ಕೊಟ್ಟಿತು, ನನಗೆ ರೆಪ್ಪೆ ಸಿಕ್ಕಿತು.

ಇಲ್ಲೇ ಹಳಬರು ಅಡ್ಡ ಬರುತ್ತಾರೆ. "ನೆಗೆಟಿವ್ ಅಷ್ಟು ನುಂಗುತ್ತೆ ಅಂದ ಮೇಲೆ 1/1000ದಲ್ಲೇ ಹೊಡೀರಿ." ಎರಡು ಸ್ಟಾಪ್ ಸರಿ, ಮೂರೂ ನಡೆಯಬಹುದು. 1/1000ದಲ್ಲಿ ಎಫ್ 2.8 ಅಂದರೆ ನಾಲ್ಕು. ಚಿತ್ರ ಬರುವುದಿಲ್ಲ ಅಂತಲ್ಲ, ಬರುತ್ತದೆ. ಆದರೆ ನೆಗೆಟಿವ್ ಅಷ್ಟು ದಪ್ಪ (ಅಂದರೆ ಕಪ್ಪು) ಆದಾಗ ಸ್ಕ್ಯಾನರ್ ಒದ್ದಾಡುತ್ತದೆ, ಬಿಳಿ ಪಂಚೆಯ ನೆರಿಗೆ ಹೋಗುತ್ತದೆ, ಚರ್ಮದ ಬಣ್ಣ ಒಂಥರಾ ಆಗುತ್ತದೆ. ಸ್ಲೈಡ್ ಫಿಲ್ಮ್ (ನೆಗೆಟಿವ್ ಇಲ್ಲದೆ ನೇರ ಚಿತ್ರವೇ ಬರುವಂಥದ್ದು) ಆದರಂತೂ ಮಾತೇ ಬೇಡ. ಅರ್ಧ ಸ್ಟಾಪ್ ಜಾಸ್ತಿಯಾದರೆ ಬಿಳಿ ತೊಳೆದುಹೋಗಿರುತ್ತದೆ. ಎಕ್ಟಾಕ್ರೋಮ್ ಇ100 ಅನ್ನುವ 100ರ ಸ್ಲೈಡ್ ಫಿಲ್ಮ್ ಹಾಕಿ ಬಿಸಿಲಲ್ಲಿ ಎಫ್ 2.8 ಬೇಕು ಅಂದರೆ ಹೆಚ್ಚುಕಡಿಮೆ 1/3200 ಬೇಕು. ಅಲ್ಲಿಗೆ 1/4000 ಶೋಕಿ ಅಲ್ಲ, ದಾರಿ ಅದೊಂದೇ.

ಬೆಳಕು ತಗ್ಗಿಸಲು ಲೆನ್ಸ್ ಮುಂದೆ ಹಾಕುವ ಕಪ್ಪು ಗಾಜು, ಎನ್‌ಡಿ ಫಿಲ್ಟರ್, ಇದೆಯಲ್ಲ ಅಂತೀರಾ? ಇದೆ. ಎನ್‌ಡಿ8 ಹಾಕಿದರೆ ಮೂರು ಸ್ಟಾಪ್ ಕಡಿಮೆ. 1/1000ದ ಕ್ಯಾಮೆರಾ ಇದ್ದವರು ಹೊಸ ಬಾಡಿ ಹುಡುಕುವ ಬದಲು ಅದನ್ನೇ ತಗೊಳ್ಳಲಿ ಅಂತ ನಾನೂ ಹೇಳುತ್ತೇನೆ, ಎಷ್ಟೋ ಅಗ್ಗ. ತೊಂದರೆ ಇರುವುದು ನನ್ನದರಂಥ ಎಸ್‌ಎಲ್‌ಆರ್‌ನಲ್ಲಿ. ಲೆನ್ಸ್ ಮೂಲಕವೇ ನೋಡಬೇಕಲ್ಲ, ವ್ಯೂಫೈಂಡರ್ ಕತ್ತಲಾಗುತ್ತದೆ, ಫೋಕಸ್ ನೋಡಲು ನಡುವೆ ಇರುವ ಸ್ಪ್ಲಿಟ್ ಇಮೇಜ್ ಅರ್ಧ ಕಪ್ಪಾಗಿ ಕೂರುತ್ತದೆ. ಫೋಕಸ್ ಮಾಡುವುದು ಕಷ್ಟ. ತೋಟದ ನೆರಳಿಗೆ ಬಂದರೆ ಬಿಚ್ಚಬೇಕು, ಬಿಸಿಲಿಗೆ ಹೋದರೆ ಹಾಕಬೇಕು. ನಮ್ಮ ಕಡೆಯ ಧೂಳಿನಲ್ಲಿ ಫಿಲ್ಟರ್ ಬಿಚ್ಚಿ ಹಾಕಿ ಮಾಡುತ್ತಿದ್ದರೆ ಸ್ವಲ್ಪ ದಿನಕ್ಕೆ ಅದರ ಸುತ್ತು ಕರಕರ ಅನ್ನಲು ಶುರು. ಲೈಕಾ ಥರದ ರೇಂಜ್‌ಫೈಂಡರ್‌ನವರಿಗೆ ಈ ಕಷ್ಟ ಇಲ್ಲ, ಅವರು ನೋಡುವ ಕಿಂಡಿಯೇ ಬೇರೆ. ಲೈಕಾದವರು 1/1000ದಲ್ಲೇ ಇಷ್ಟು ವರ್ಷ ನೆಮ್ಮದಿಯಾಗಿ ಇದ್ದದ್ದಕ್ಕೆ ಅದೂ ಒಂದು ಕಾರಣ ಇರಬೇಕು.

ಈ ವೇಗ ಬರುವುದು ಹೇಗೆ ಅಂತ ನೋಡಬೇಕಾದರೆ ಫಿಲ್ಮ್ ಇಲ್ಲದಾಗ ಎಫ್‌ಎಂ2ನ ಹಿಂಬಾಗಿಲು ತೆಗೆಯಬೇಕು. ನನ್ನದರಲ್ಲಿ ಶಟರ್‌ನ ಬ್ಲೇಡ್‌ಗಳ ಮೇಲೆ ಜೇನುಗೂಡಿನ ಗುರುತಿದೆ. ಟೈಟೇನಿಯಂ ಹಾಳೆಯನ್ನು ಇನ್ನೂ ಹಗುರ ಮಾಡಲಿಕ್ಕೆ ಕೊರೆದದ್ದು ಅದು. ಆಮೇಲಿನ ಕ್ಯಾಮೆರಾಗಳಲ್ಲಿ ಅಲ್ಯೂಮಿನಿಯಂ ಬಂತು, ಗುರುತು ಹೋಯಿತು. ಲೆನ್ಸ್ ಬಿಚ್ಚಿ, ಕಿಟಕಿಗೆ ಹಿಡಿದು 1/60ರಲ್ಲಿ ಒತ್ತಿದರೆ ಕಿಟಕಿ ಪೂರ್ತಿ ಕಂಡು ಮರೆಯಾಗುತ್ತದೆ. 1/4000ದಲ್ಲಿ ಒತ್ತಿದರೂ ಕಿಟಕಿ ಪೂರ್ತಿ ಕಂಡ ಹಾಗೇ ಅನ್ನಿಸುತ್ತದೆ, ಬರೀ ಮಂಕಾಗಿ. ನಿಜವಾಗಿ ಅಷ್ಟೂ ಜಾಗ ಒಟ್ಟಿಗೆ ತೆರೆದೇ ಇರುವುದಿಲ್ಲ.

ಶಟರ್‌ಗೆ ಎರಡು ಪರದೆ. ಮೊದಲನೆಯದು ತೆರೆಯುತ್ತಾ ಹೋಗುತ್ತದೆ, ಎರಡನೆಯದು ಮುಚ್ಚುತ್ತಾ ಬೆನ್ನು ಹತ್ತುತ್ತದೆ. ಡಯಲ್ ಎಲ್ಲಿಗೆ ತಿರುಗಿಸಿದರೂ ಪರದೆಗಳು ಓಡುವ ವೇಗ ಬದಲಾಗುವುದಿಲ್ಲ. ಬದಲಾಗುವುದು ಎರಡರ ನಡುವಿನ ಸಂದಿ. ಎಫ್‌ಎಂ2ನಲ್ಲಿ ಪರದೆ ಮೇಲಿನಿಂದ ಕೆಳಕ್ಕೆ 24 ಮಿಲಿಮೀಟರ್ ದಾಟಲು ಸುಮಾರು 3.3 ಮಿಲಿಸೆಕೆಂಡು ಬೇಕು. 1/4000ದಲ್ಲಿ ಸಂದಿ ಎರಡು ಮಿಲಿಮೀಟರ್‌ಗೂ ಕಡಿಮೆ. ಆ ಸಣ್ಣ ಸಂದಿ ಫಿಲ್ಮ್ ಮೇಲೆ ಜಾರಿಕೊಂಡು ಹೋಗುತ್ತದೆ. ಫಿಲ್ಮ್‌ನ ಪ್ರತಿ ಚುಕ್ಕೆಗೂ ಸಿಗುವ ಬೆಳಕು ಸೆಕೆಂಡಿನ 4000ದ ಒಂದು ಪಾಲಿನದೇ, ಆದರೆ ಫೋಟೊದ ಮೇಲ್ತುದಿಗೂ ಕೆಳತುದಿಗೂ ಸೆಕೆಂಡಿನ 300ರ ಒಂದು ಪಾಲಿನಷ್ಟು ಹೊತ್ತಿನ ಅಂತರ ಇರುತ್ತದೆ. ಹಳೇ ಕಾಲದ ನಿಧಾನ ಪರದೆಗಳಲ್ಲಿ ಈ ಅಂತರ ಇನ್ನೂ ದೊಡ್ಡದು. ಫ್ರಾನ್ಸ್‌ನ ಜಾಕ್ ಆಂರಿ ಲಾರ್ತಿಗ್ ನೂರು ವರ್ಷಕ್ಕೂ ಹಿಂದೆ ತೆಗೆದ ರೇಸ್ ಕಾರಿನ ಫೋಟೊದಲ್ಲಿ ಚಕ್ರ ಮೊಟ್ಟೆಯಾಕಾರಕ್ಕೆ ತಿರುಗಿ ಮುಂದಕ್ಕೆ ಬಾಗಿದೆ, ನೋಡುತ್ತ ನಿಂತ ಜನ ಹಿಂದಕ್ಕೆ ವಾಲಿದ್ದಾರೆ. ಕಾರಣ ಇದೇ. ಜನ ಮಾತ್ರ ಅದನ್ನು ವೇಗದ ಗುರುತು ಅಂತ ಇವತ್ತಿಗೂ ಮೆಚ್ಚುತ್ತಾರೆ.

ನಿಕಾನ್ ಎಫ್ 1959ರಲ್ಲಿ ಬಂದಾಗ 1/1000 ಕೊಡುತ್ತಿತ್ತು. 1971ರ ಎಫ್2 ಅದನ್ನು 1/2000ಕ್ಕೆ ಒಯ್ದಿತು. 1982ರಲ್ಲಿ ಎಫ್‌ಎಂ2 1/4000 ತಂದಿತು, ಅದೂ ಬ್ಯಾಟರಿಯ ಹಂಗಿಲ್ಲದೆ, ಬರೀ ಸ್ಪ್ರಿಂಗು ಹಲ್ಲುಗಾಲಿಗಳಲ್ಲಿ. ಇವತ್ತಿಗೂ ನನಗೆ ಅದು ಆಶ್ಚರ್ಯವೇ. 1988ರಲ್ಲಿ ಎಫ್-801 1/8000, 1992ರಲ್ಲಿ ಮಿನೋಲ್ಟಾ 9ಎಕ್ಸ್‌ಐ 1/12000. ಅಲ್ಲಿಂದಾಚೆಗೆ ಫಿಲ್ಮ್ ಕ್ಯಾಮೆರಾಗೆ ಯಾರೂ ಪೈಪೋಟಿ ಮಾಡಿದ ಹಾಗೆ ಕಾಣುವುದಿಲ್ಲ. ಫಿಲ್ಮ್ ಅಷ್ಟು ಸಣ್ಣ ಹೊತ್ತಿಗೆ ಒಗ್ಗುತ್ತದಾ ಅನ್ನುವ ಅನುಮಾನ ಬೇಡ. ಎಚ್‌ಪಿ5 ಪ್ಲಸ್ ಫಿಲ್ಮ್‌ಗೆ 1/10000ದವರೆಗೆ ಏನೂ ಹೊಂದಿಸಬೇಕಿಲ್ಲ ಅಂತ ಅದನ್ನು ಮಾಡುವ ಇಲ್‌ಫರ್ಡ್‌ನವರೇ ಬರೆದಿದ್ದಾರೆ.

ಈಗ ಅಪ್ಪನ ಕೆಂಪು 250.

ಫ್ಲ್ಯಾಶ್ ಹೊಡೆಯುವ ಕ್ಷಣದಲ್ಲಿ ಫಿಲ್ಮ್ ಪೂರ್ತಿ ತೆರೆದಿರಬೇಕು. ಸಂದಿ ಮಾತ್ರ ತೆರೆದಿದ್ದರೆ ಫೋಟೊದಲ್ಲಿ ಒಂದು ಪಟ್ಟಿಗೆ ಬೆಳಕು, ಮಿಕ್ಕಿದ್ದಕ್ಕೆ ಇಲ್ಲ. ಪರದೆ ಬೇಗ ಓಡಿದಷ್ಟೂ ಪೂರ್ತಿ ತೆರೆದಿರುವ ವೇಗ ಜಾಸ್ತಿ ಆಗುತ್ತದೆ. ಕೆ1000ದಲ್ಲಿ ಅದು 1/60. ಎಫ್‌ಎಂ2 ಮೊದಲು ಬಂದಾಗ 1/200, 1984ರ ಸುಧಾರಿಸಿದ ಮಾದರಿಯಲ್ಲಿ 1/250. 1/4000 ಸಾಧಿಸಲು ಹಗುರ ಮಾಡಿದ ಪರದೆಯ ಜೊತೆಗೇ ಬಂದ ಲಾಭ ಇದು.

ದಿಬ್ಬಣ ಛತ್ರದ ಮುಂದೆ ಇಳಿಯುವುದು ಹತ್ತೂವರೆ ಹನ್ನೊಂದರ ಬಿಸಿಲಿಗೆ. ಮದುಮಗನ ಪೇಟದ ನೆರಳು ಕಣ್ಣಿನ ಮೇಲೆ. ಫ್ಲ್ಯಾಶ್ ಇಲ್ಲದೆ ಕಣ್ಣು ಬರುವುದಿಲ್ಲ. 100 ಫಿಲ್ಮ್‌ನಲ್ಲಿ 1/60 ಇಟ್ಟರೆ ಬಿಸಿಲಿಗೆ ಎಫ್ 22 ಬೇಕು. ಗೈಡ್ ನಂಬರ್ (ಫ್ಲ್ಯಾಶ್‌ನ ಬಲದ ಅಳತೆ) 28ರ ಫ್ಲ್ಯಾಶ್ ಎಫ್ 22ರಲ್ಲಿ ಪೂರ್ತಿ ಬೆಳಕು ಮುಟ್ಟಿಸುವುದು ಒಂದೂಕಾಲು ಮೀಟರ್‌ಗೆ. ಮದುಮಗನ ಮೂಗಿಗೆ ಕ್ಯಾಮೆರಾ ತಾಗಿಸಬೇಕು! 1/250 ಆದರೆ ಎಫ್ 11, ದೂರ ಎರಡೂವರೆ ಮೀಟರ್. ಮದುಮಗ, ಕೈಹಿಡಿದ ಭಾವಮೈದ, ಕಳಸ ಹಿಡಿದ ಹೆಣ್ಣುಮಕ್ಕಳು ಎಲ್ಲರೂ ಬರುತ್ತಾರೆ. ಅದಕ್ಕೂ ಮುಂಚೆ ಅಪ್ಪ ಹಿಡಿಯುತ್ತಿದ್ದ ಯಾಶಿಕಾ ಮ್ಯಾಟ್ 124ಜಿಯಲ್ಲಿ 1/500ಗೂ ಫ್ಲ್ಯಾಶ್ ಸೇರುತ್ತಿತ್ತು. ಲೆನ್ಸ್ ಒಳಗೇ ಎಲೆಗಳ ಹಾಗೆ ತೆರೆದು ಮುಚ್ಚುವ ಶಟರ್ ಅದು, ಸಂದಿಯ ಗೋಜೇ ಇಲ್ಲ. ಆದರೆ ಅದರ ಮೇಲಿನ ವೇಗ 1/500ಕ್ಕೆ ಮುಗಿಯುತ್ತದೆ, ರೋಲ್ 12 ಫ್ರೇಮ್‌ಗೆ ಮುಗಿಯುತ್ತದೆ. ಧಾರೆ ಹೊತ್ತಲ್ಲಿ ರೋಲ್ ಬದಲಾಯಿಸುತ್ತಾ ಕೂತವರಿಗೆ ಯಾರು ಮತ್ತೆ ಕೆಲಸ ಕೊಡುತ್ತಾರೆ? ಅದಕ್ಕೇ ಎಫ್‌ಎಂ2. ಅಪ್ಪ 4000ಕ್ಕೆ ಡಯಲ್ ತಿರುಗಿಸಿದ್ದು ನಾನು ನೋಡಿದ ನೆನಪಿಲ್ಲ.

ಓಡುವುದನ್ನು ನಿಲ್ಲಿಸುವ ವಿಷಯಕ್ಕೆ ಬಂದರೆ, ಎಲ್ಲರೂ ಹಕ್ಕಿ, ಜಿಂಕೆ ಅನ್ನುತ್ತಾರೆ. ನನಗೆ 1/4000 ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಬಸ್ಸಿನಲ್ಲಿ.

ತುಮಕೂರಿಂದ ಕೊರಟಗೆರೆ ಮೇಲೆ ಮಧುಗಿರಿಗೆ ಹೋಗುವ ರಸ್ತೆ ನನಗೆ ಬಾಯಿಪಾಠ. ಕಿಟಕಿ ಪಕ್ಕ ಸೀಟು ಸಿಕ್ಕರೆ ಆಯಿತು. ಬಂಡೆ, ಹುಣಸೆಮರ, ಬೋರ್‌ವೆಲ್ ಲಾರಿ, ಶಾಲೆ ಬಿಟ್ಟು ನಡೆದು ಬರುವ ಮಕ್ಕಳು, ಗೋಡೆಯ ಮೇಲಿನ ಸಿಮೆಂಟ್ ಜಾಹೀರಾತು. ಬಸ್ಸು 60 ಕಿಲೋಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ ಸುಮಾರು 17 ಮೀಟರ್. ರಸ್ತೆಯಿಂದ 10 ಮೀಟರ್ ದೂರದ ಮನೆ, 50 ಎಂಎಂ ಲೆನ್ಸ್. ಆ ಮನೆಯ ಚಿತ್ರ ಫಿಲ್ಮ್ ಮೇಲೆ ಸೆಕೆಂಡಿಗೆ 83 ಮಿಲಿಮೀಟರ್ ವೇಗದಲ್ಲಿ ಜರುಗುತ್ತಿರುತ್ತದೆ. 35 ಎಂಎಂ ಫಿಲ್ಮ್‌ನಲ್ಲಿ 0.03 ಮಿಲಿಮೀಟರ್‌ವರೆಗಿನ ಅಲುಗಾಟ ಕಣ್ಣಿಗೆ ಗೊತ್ತಾಗುವುದಿಲ್ಲ ಅನ್ನುವುದು ಹಳೇ ಲೆಕ್ಕ. 1/1000ದಲ್ಲಿ ಅಲುಗಾಟ 0.08, ಕಣ್ಣಿಗೆ ಹೊಡೆಯುತ್ತದೆ. 1/2000ದಲ್ಲಿ 0.04, ಹಾಗೂ ಹೀಗೂ. 1/4000ದಲ್ಲಿ 0.02, ಗೋಡೆಯ ಅಕ್ಷರ ಓದಬಹುದು. ಬಸ್ಸಿನ ನಡುಕ ಬೇರೆ ಇದೆ, ಅದೂ ಇದರಲ್ಲೇ ಅಡಗಿಹೋಗುತ್ತದೆ. ಮೊಣಕೈಯನ್ನು ಕಿಟಕಿಗೆ ಮಾತ್ರ ಊರಬಾರದು.

400 ಫಿಲ್ಮ್, 1/4000, ಎಫ್ 5.6. ಫೋಕಸ್ 10 ಮೀಟರ್‌ಗೆ ಇಟ್ಟುಬಿಟ್ಟರೆ 6 ಮೀಟರ್‌ನಿಂದ 30 ಮೀಟರ್‌ವರೆಗೆ ಎಲ್ಲಾ ಚೊಕ್ಕ. ಆಮೇಲೆ ಲೆನ್ಸ್ ಮುಟ್ಟುವ ಹಾಗಿಲ್ಲ, ನೋಡುವುದು ಒತ್ತುವುದು ಅಷ್ಟೇ. ಬಸ್ಸಿನ ನೆರಳಿನ ಕಡೆ ಕೂರಬೇಕು. ಸೂರ್ಯ ಬೆನ್ನಿಗಿರುತ್ತಾನೆ, ಎದುರಿಗೆ ಕಾಣುವುದೆಲ್ಲ ಬೆಳಗಿರುತ್ತದೆ, ನಿಮಗೂ ತಂಪು. ಒಂದು ತಮಾಷೆ ಇದೆ. ತೀರಾ ಹತ್ತಿರದ ಕರೆಂಟು ಕಂಬಗಳು ಒಂಚೂರು ವಾಲಿಕೊಂಡು ಬರುತ್ತವೆ. ಮೇಲೆ ಹೇಳಿದ ಆ 3.3 ಮಿಲಿಸೆಕೆಂಡಿನ ಕೆಲಸ. ಸಂದಿ ಮೇಲಿನಿಂದ ಕೆಳಗೆ ಬರುವಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತದೆ. ಮೂರು ಮೀಟರ್ ದೂರದ ಕಂಬ ಎರಡು ಡಿಗ್ರಿಯಷ್ಟು ವಾಲುತ್ತದೆ. ನಮ್ಮ ಕಡೆ ಎಷ್ಟೋ ಕಂಬ ನಿಜವಾಗಿಯೂ ವಾಲಿಕೊಂಡೇ ಇರುವುದರಿಂದ ಯಾರೂ ಕೇಳುವುದಿಲ್ಲ. ದೂರದ ಬೆಟ್ಟಕ್ಕೆ ಇದ್ಯಾವುದೂ ತಟ್ಟುವುದಿಲ್ಲ. ಮಧುಗಿರಿ ಏಕಶಿಲೆಯನ್ನು ಬಸ್ಸಿನಿಂದ 1/250ರಲ್ಲೂ ತೆಗೆಯಬಹುದು.

ಜಿಂಕೆ ಅಂದೆನಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಮೀಸಲು ಇದೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಹೊಳೆಯ ಹೆಸರೇ ಅದಕ್ಕೂ. ಬಯಲು ಹುಲ್ಲುಗಾವಲು. ಕೃಷ್ಣಮೃಗ ಸೆಕೆಂಡಿಗೆ 20 ಮೀಟರ್ ಓಡಿತು ಅಂತಿಟ್ಟುಕೊಳ್ಳಿ. 50 ಮೀಟರ್ ದೂರ, 200 ಎಂಎಂ ಲೆನ್ಸ್. ಬಸ್ಸಿನ ಲೆಕ್ಕವೇ ಹೆಚ್ಚುಕಡಿಮೆ ಮತ್ತೆ ಬರುತ್ತದೆ, 1/4000 ಬೇಕು ಅನ್ನುತ್ತದೆ. ಆದರೆ ಅವು ಓಡಾಡುವುದು ಬೆಳಿಗ್ಗೆ, ಸಂಜೆ. ಆಗ 400 ಫಿಲ್ಮ್‌ನಲ್ಲಿ ಎಫ್ 4 ಲೆನ್ಸ್‌ಗೆ 1/1000 ಸಿಕ್ಕರೆ ಪುಣ್ಯ. ಬೆಳಕು ಹೇರಳ ಇರುವ ಮಧ್ಯಾಹ್ನ ಅವು ನೆರಳಲ್ಲಿ ಮಲಗಿರುತ್ತವೆ, ನೆಲದ ಝಳಕ್ಕೆ ಎಲ್ಲಾ ನಡುಗುತ್ತಿರುತ್ತದೆ. ಹಾಗಾಗಿ ಓಟದ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ 1/250ರಲ್ಲಿ ಒತ್ತುವುದು ವಾಸಿ. ಪ್ರಾಣಿ ನಿಲ್ಲುತ್ತದೆ, ಹುಲ್ಲು ಗೆರೆಯಾಗುತ್ತದೆ. ಶಿರಾ ಹತ್ತಿರದ ಕಗ್ಗಲಡುವಿನಲ್ಲಿ ಹುಣಸೆಮರದ ಗೂಡಿಗೆ ಇಳಿಯುವ ಬಣ್ಣದ ಕೊಕ್ಕರೆಗಳಿಗೂ ಅಷ್ಟೇ, ದೊಡ್ಡ ರೆಕ್ಕೆ, ನಿಧಾನ ಬಡಿತ, 1/1000 ಧಾರಾಳ.

ನೀರು ಮಾತ್ರ ಬೇರೆ. ಬೇಸಿಗೆ ರಜೆಯಲ್ಲಿ ತೋಟದ ಬಾವಿಗೆ ಹುಡುಗರು ಧುಮುಕುತ್ತಾರೆ. ಐದು ಮೀಟರ್ ಮೇಲಿನಿಂದ ಬಿದ್ದವನು ನೀರು ಮುಟ್ಟುವಾಗ ಸೆಕೆಂಡಿಗೆ 10 ಮೀಟರ್ ವೇಗದಲ್ಲಿರುತ್ತಾನೆ. ಆದರೆ ಚಂದ ಇರುವುದು ಅವನು ಹಾರಿದ ತಕ್ಷಣ, ಮೇಲೇರುವುದು ಮುಗಿದು ಬೀಳುವುದು ಶುರುವಾಗುವ ಆ ಗಳಿಗೆ. ಆಗ ಅವನಿಗೆ ವೇಗವೇ ಇಲ್ಲ, 1/500 ಸಾಕು. ಸಿಡಿದ ನೀರಿಗೆ ಅದು ಸಾಲದು. 1/500ರಲ್ಲಿ ಹನಿಗಳು ಉದ್ದುದ್ದ ಗೆರೆ. 1/4000ದಲ್ಲಿ ಒಂದೊಂದು ಹನಿಯೂ ಗುಂಡಗೆ, ಬೇರೆಬೇರೆ, ಹತ್ತಿರದ ಹನಿಯೊಳಗೆ ಬಾವಿ ಕಟ್ಟೆ ತಲೆಕೆಳಗಾಗಿ ಕಾಣುತ್ತದೆ. ಸೂರ್ಯನಿಗೆ ಎದುರಾಗಿ ತೆಗೆದರೆ ಇನ್ನೂ ಚಂದ. ಇದನ್ನು ಕಣ್ಣಲ್ಲಿ ನೋಡಲು ಆಗುವುದೇ ಇಲ್ಲ ಅಲ್ವಾ, ಅದಕ್ಕೇ ನನಗೆ ಇಷ್ಟ.

ಆದರೆ ರಾಗಿ ಕಣಕ್ಕೆ 1/4000 ತರಬೇಡಿ. ರಾಗಿ ತೂರುವಾಗ ಮೊರದಿಂದ ಬೀಳುವ ಕಾಳು, ಗಾಳಿಗೆ ಪಕ್ಕಕ್ಕೆ ಹೋಗುವ ಹೊಟ್ಟು, ಇವೆರಡೂ ಬೇರೆಯಾಗುವುದು ಕಾಣುವುದು ಅವು ಚಲಿಸಿದರೆ ಮಾತ್ರ. 1/4000ದಲ್ಲಿ ಎಲ್ಲಾ ಚುಕ್ಕೆ ಚುಕ್ಕೆ, ಫಿಲ್ಮ್‌ಗೆ ಧೂಳು ಕೂತಿದೆಯೇನೋ ಅನ್ನಿಸುತ್ತದೆ. 1/125ರಲ್ಲಿ ರಾಗಿ ಸೆರಗಿನ ಹಾಗೆ ಇಳಿಯುತ್ತದೆ, ಹೊಟ್ಟು ಹೊಗೆಯಾಗಿ ಆಚೆ ಹೋಗುತ್ತದೆ. ಈಗೀಗ ಕಣವೇ ಕಡಿಮೆ, ಟಾರ್ ರಸ್ತೆಯ ಮೇಲೆ ಹರಡಿ ಲಾರಿಗಳ ಕೈಯಲ್ಲಿ ಒಕ್ಕಣೆ ಮಾಡಿಸುತ್ತಾರೆ. ಅದು ಬೇರೆ ಜಗಳ.

ಇಷ್ಟೆಲ್ಲ ಕೇಳಿ ಯಾರಾದರೂ ಹಳೇ ಕ್ಯಾಮೆರಾ ಕೊಳ್ಳುವುದಾದರೆ, ಡಯಲ್ ಮೇಲೆ ಬರೆದದ್ದನ್ನು ನಂಬಬೇಡಿ. ವಯಸ್ಸಾದ ಶಟರ್‌ನಲ್ಲಿ ಮೊದಲು ಕೈಕೊಡುವುದು ಮೇಲಿನ ವೇಗಗಳೇ. ಸಂದಿ ಅಷ್ಟು ಸಣ್ಣದಿರುವಾಗ ಒಂದು ಪರದೆ ಚೂರು ನಿಧಾನವಾದರೂ ಲೆಕ್ಕ ತಪ್ಪುತ್ತದೆ. ಪರೀಕ್ಷೆ ಸುಲಭ. 400 ಫಿಲ್ಮ್ ಹಾಕಿ, ಬಿಸಿಲು ಬಿದ್ದ ಸಾದಾ ಸುಣ್ಣದ ಗೋಡೆಯನ್ನು ಎಫ್ 11ರಲ್ಲಿ 1/1000, ಎಫ್ 8ರಲ್ಲಿ 1/2000, ಎಫ್ 5.6ರಲ್ಲಿ 1/4000 ತೆಗೆಯಿರಿ. ಮೂರು ನೆಗೆಟಿವ್‌ಗಳೂ ಒಂದೇ ದಪ್ಪ ಇರಬೇಕು. ಕೊನೆಯದು ಜಾಸ್ತಿ ದಪ್ಪ ಬಂದರೆ ಶಟರ್ ನಿಧಾನ. ಒಂದೇ ಫ್ರೇಮ್‌ನಲ್ಲಿ ಒಂದು ಅಂಚು ತೆಳ್ಳಗೆ, ಇನ್ನೊಂದು ದಪ್ಪ ಇದ್ದರೆ ಎರಡು ಪರದೆಗಳ ನಡುವೆ ಹೊಂದಾಣಿಕೆ ಇಲ್ಲ ಅಂತ. ಬಟ್ಟೆ ಪರದೆಯ ಕ್ಯಾಮೆರಾದಲ್ಲಿ ಎಡ ಬಲ ನೋಡಬೇಕು, ಎಫ್‌ಎಂ2 ಥರದ್ದರಲ್ಲಿ ಮೇಲೆ ಕೆಳಗೆ. ನಾಲ್ಕೂ ಮೂಲೆ ಒಟ್ಟಿಗೆ ಮಂಕಾಗಿದ್ದರೆ ಅದು ಲೆನ್ಸ್‌ನದು, ಶಟರ್‌ನ ಮೇಲೆ ಹಾಕಬೇಡಿ.

ನನ್ನದನ್ನು ಬೆಂಗಳೂರಿನ ರಿಪೇರಿಯವರೊಬ್ಬರು ಯಂತ್ರಕ್ಕೆ ಹಿಡಿದು ನೋಡಿದರು. 1/1000ದವರೆಗೆ ಕರೆಕ್ಟಾಗಿದೆ, 4000 ಅಂದಿರುವುದು 3000ದ ಹತ್ತಿರ ಓಡುತ್ತಿದೆ ಅಂದರು. ಅರ್ಧ ಸ್ಟಾಪ್‌ಗೂ ಕಡಿಮೆ ವ್ಯತ್ಯಾಸ. ಸರಿ ಮಾಡಿಸಲಾ ಅಂತ ಕೇಳಿದೆ. "ನೆಗೆಟಿವ್ ಹಾಕ್ತೀರೋ, ಸ್ಲೈಡೋ?" ಅಂದರು. ನೆಗೆಟಿವ್ ಅಂದೆ. ಕ್ಯಾಮೆರಾ ಹಾಗೇ ವಾಪಸ್ ಕೊಟ್ಟರು.